ಹಳೇ ಮನೆ ಕೊಂಡು ರಿಪೇರಿ ಮಾಡಿಸಿ ಮಾರುವ ಕೆಲಸಕ್ಕೆ ಹೊಸಬ: ವೆಬ್‌ಸೈಟ್‌ನಲ್ಲಿ ಏನು ಬರೆಯಲಿ, ಏನು ಬಿಡಲಿ?

ಮೈಸೂರು_ಮನೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಹಳೇ ಮನೆಗಳನ್ನು ಮಾಲೀಕರಿಂದ ನೇರವಾಗಿ ಕೊಂಡು, ರಿಪೇರಿ ಮಾಡಿಸಿ ಮಾರುವ ಕೆಲಸ ಶುರು ಮಾಡುತ್ತಿದ್ದೇನೆ. ಹೆಚ್ಚಾಗಿ 20×30, 30×40 ಸೈಟಿನವು, ಕುವೆಂಪುನಗರ, ಸರಸ್ವತಿಪುರಂ ಕಡೆ. ಇನ್ನೂ ಒಂದು ಮನೆಯನ್ನೂ ಕೊಂಡಿಲ್ಲ. ಸ್ವಂತದ ಹಣ ಸ್ವಲ್ಪ ಇದೆ, ಚಿಕ್ಕಪ್ಪನ ಮಕ್ಕಳಿಬ್ಬರು ಸ್ವಲ್ಪ ಹಾಕುತ್ತಾರೆ. ಕೆಲವು ಮನೆಗಳಿಗೆ ಬರೀ ಅಗ್ರಿಮೆಂಟ್ ಹಾಕಿಕೊಂಡು ಬೇರೆ ಪಾರ್ಟಿಗೆ ದಾಟಿಸುವ ಯೋಚನೆಯೂ ಇದೆ.

ವೆಬ್‌ಸೈಟ್ ಮಾಡಿಕೊಡುವವರು ಕಳಿಸಿದ ಮೊದಲ ಪುಟದ ಬರಹ ಹೀಗಿದೆ:

"ನಿಮ್ಮ ಮನೆಯನ್ನು 7 ದಿನಗಳಲ್ಲಿ ತಕ್ಷಣದ ನಗದಿಗೆ ಖರೀದಿಸುತ್ತೇವೆ! ಮೈಸೂರಿನ ನಂ. 1 ವಿಶ್ವಾಸಾರ್ಹ ಸಂಸ್ಥೆ. ನೂರಾರು ಸಂತೃಪ್ತ ಕುಟುಂಬಗಳು. ಅತ್ಯುತ್ತಮ ಬೆಲೆ ಖಚಿತ. ಸರ್ಕಾರದಿಂದ ಮಾನ್ಯತೆ ಪಡೆದಿದೆ. ನಮ್ಮೊಂದಿಗೆ ಹೂಡಿಕೆ ಮಾಡಿ, ವರ್ಷಕ್ಕೆ 24% ಲಾಭ ಗಳಿಸಿ."

ಇದರಲ್ಲಿ ಅರ್ಧಕ್ಕರ್ಧ ಸುಳ್ಳು ಅಂತ ನನಗೇ ಗೊತ್ತು. ಹಾಗಂತ "ನಾನು ಹೊಸಬ, ಏನೂ ಮಾಡಿಲ್ಲ" ಅಂತ ಬರೆದರೆ ಯಾರು ಮನೆ ಕೊಡುತ್ತಾರೆ? ಸುಳ್ಳಿಲ್ಲದೆ, ಜನ ಓಡಿಯೂ ಹೋಗದ ಹಾಗೆ ಬರೆಯೋದು ಹೇಗೆ?

ಪತ್ರ_ಪರಿಶೀಲನೆ:

ಮೊದಲು "7 ದಿನ" ತೆಗೆಯಿರಿ. ಮೈಸೂರಿನ ಹಳೇ ಮನೆಯೊಂದರ ಕಾಗದಪತ್ರ ನೋಡಿ ಮುಗಿಸಲಿಕ್ಕೇ ಏಳು ದಿನ ಸಾಲದು. ಯಾಕೆ ಅಂದರೆ:

ಇಸಿ (ಆಸ್ತಿಯ ಮೇಲಿನ ಹಳೇ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ). ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಆನ್‌ಲೈನಾಗಿ ಸಿಗೋದು 2004ರ ಏಪ್ರಿಲ್‌ನಿಂದ ಈಚಿನದು. ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. 2004ಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ಕಾಯಬೇಕು.

ಇ-ಖಾತಾ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ). ಅದಿಲ್ಲದೆ ಈಗ ನಗರದ ಆಸ್ತಿಯ ಕ್ರಯಪತ್ರ ನೋಂದಣಿ ಆಗುವುದಿಲ್ಲ. ಹಳೇ ಮನೆಗಳಲ್ಲಿ ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇರುತ್ತದೆ. ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ, ಆಮೇಲೆ ಇ-ಖಾತಾ ಮಾಡಿಸಬೇಕು.

ಹೆಣ್ಣುಮಕ್ಕಳ ಸಹಿ. ಪಿತ್ರಾರ್ಜಿತ ಆಸ್ತಿಯಾದರೆ 2005ರ ತಿದ್ದುಪಡಿಯ ಪ್ರಕಾರ ಮಗಳಿಗೂ ಮಗನಷ್ಟೇ ಪಾಲು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅಣ್ಣತಮ್ಮಂದಿರು ಮೈಸೂರಲ್ಲಿ, ಅಕ್ಕ ಶಿವಮೊಗ್ಗದಲ್ಲಿ, ತಂಗಿ ನ್ಯೂಜೆರ್ಸಿಯಲ್ಲಿ ಅಂತಿದ್ದರೆ ಅಲ್ಲಿಂದ ಪವರ್ ಆಫ್ ಅಟಾರ್ನಿ ಬಂದು ಇಲ್ಲಿ ಸ್ಟಾಂಪ್ ಆಗುವಷ್ಟರಲ್ಲೇ ತಿಂಗಳು ಕಳೆಯುತ್ತದೆ.

ಬ್ಯಾಂಕ್ ಸಾಲ. ಮೂಲ ಪತ್ರಗಳು ಬ್ಯಾಂಕಿನಲ್ಲಿರುತ್ತವೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಮರಳಿಸಬೇಕು, ತಡವಾದರೆ ದಿನಕ್ಕೆ ₹5,000 ಪರಿಹಾರ ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ನಿಯಮ ತಂದಿದೆ. ಅಂದರೆ ಬ್ಯಾಂಕಿನ ಕಾನೂನುಬದ್ಧ ಗಡುವೇ 30 ದಿನ. ನೀವು 7 ದಿನ ಅಂತ ಮಾತು ಕೊಡೋದು ಹೇಗೆ?

ಇನ್ನು ಸೈಟು ನಗರಾಭಿವೃದ್ಧಿ ಪ್ರಾಧಿಕಾರ ಹಂಚಿದ್ದಾಗಿದ್ದು, ಲೀಸ್ ಕಮ್ ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ) ಹಂತದಲ್ಲೇ ನಿಂತಿದ್ದರೆ ಪೂರ್ಣ ಕ್ರಯಪತ್ರ ಕೈಗೆ ಬರುವ ತನಕ ಮಾರುವ ಹಕ್ಕೇ ಇಲ್ಲ.

ಹಾಗಾಗಿ ಎರಡು ಗಡುವು ಬೇರೆ ಬೇರೆ ಬರೆಯಿರಿ. ಒಂದು ನಿಮ್ಮ ಕೈಯಲ್ಲಿರೋದು: "ಮನೆ ನೋಡಿದ 3 ಕೆಲಸದ ದಿನಗಳಲ್ಲಿ ಬೆಲೆಯನ್ನು ಲಿಖಿತವಾಗಿ ತಿಳಿಸುತ್ತೇವೆ." ಇನ್ನೊಂದು ಪತ್ರಗಳನ್ನು ಅವಲಂಬಿಸಿದ್ದು: "ನಮ್ಮ ವಕೀಲರು ಪತ್ರಗಳು ಸರಿಯಿವೆ ಎಂದು ಬರೆದುಕೊಟ್ಟ ದಿನದಿಂದ 30 ದಿನಗಳಲ್ಲಿ ನೋಂದಣಿ." ಎಣಿಕೆ ಯಾವ ದಿನದಿಂದ ಶುರು ಅಂತ ಹೇಳದ ಗಡುವು ಜಗಳಕ್ಕೆ ದಾರಿ.

"ನಗದು" ಎಂಬ ಪದ ಎಲ್ಲೂ ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ ₹20,000 ಮತ್ತು ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸುತ್ತದೆ. ಪಡೆದಷ್ಟೇ ಮೊತ್ತ ದಂಡ ಬೀಳಬಹುದು, ಅದೂ ಪಡೆದವರಿಗೆ, ಅಂದರೆ ನಿಮಗೆ ಮನೆ ಮಾರಿದವರಿಗೆ. "ಬ್ಯಾಂಕ್ ಸಾಲ ಮಂಜೂರಾಗಲಿ ಎಂದು ಕಾಯಿಸುವುದಿಲ್ಲ. ಹಣ ಡಿಡಿ ಅಥವಾ ಆರ್‌ಟಿಜಿಎಸ್ ಮೂಲಕ ಮಾತ್ರ" ಅಂದರೆ ನೀವು ಹೇಳಬೇಕಾದ ಅನುಕೂಲ ಪೂರ್ತಿ ಬಂತು.

ಲೆಕ್ಕದ_ಮೇಷ್ಟ್ರು:

"ಅತ್ಯುತ್ತಮ ಬೆಲೆ" ಬಗ್ಗೆ. ರಿಪೇರಿ ಮಾಡಿಸಿ ಮಾರುವವರಿಗೆ ಅತ್ಯುತ್ತಮ ಬೆಲೆ ಕೊಡಲು ಸಾಧ್ಯವೇ ಇಲ್ಲ, ಲೆಕ್ಕವೇ ಬಿಡೋದಿಲ್ಲ. ಒಂದು ಉದಾಹರಣೆ ಹಾಕೋಣ. ರಿಪೇರಿಯಾದ ಮೇಲೆ ₹80 ಲಕ್ಷಕ್ಕೆ ಹೋಗುವ ಮನೆ ಅಂತಿಟ್ಟುಕೊಳ್ಳಿ, ನೀವು ₹53 ಲಕ್ಷಕ್ಕೆ ಕೊಂಡಿರಿ.

ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ ₹4.03 ಲಕ್ಷ. ರಿಪೇರಿಗೆ ₹9 ಲಕ್ಷ. ಇಲ್ಲಿಗೆ ₹66.03 ಲಕ್ಷ. ಹಣಕ್ಕೆ ವರ್ಷಕ್ಕೆ 12% ಬಡ್ಡಿ ಅಂತ ಹಿಡಿದು 8 ತಿಂಗಳು ಸಿಕ್ಕಿಕೊಂಡರೆ ₹5.28 ಲಕ್ಷ. ಮಾರುವಾಗ ಬ್ರೋಕರ್‌ಗೆ 1%, ₹80 ಸಾವಿರ. ಒಟ್ಟು ಖರ್ಚು ₹72.11 ಲಕ್ಷ. ಉಳಿಯೋದು ₹7.89 ಲಕ್ಷ, ಅದೂ ಆದಾಯ ತೆರಿಗೆಗೆ ಮೊದಲು. ಮಾಳಿಗೆ ಸೋರಿಕೆ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿದ್ದು ರಿಪೇರಿ ₹12 ಲಕ್ಷಕ್ಕೆ ಏರಿದರೆ ಲಾಭ ₹5 ಲಕ್ಷದೊಳಗೆ ಬಂತು.

ಅದೇ ಮಾಲೀಕರು ಆರು ತಿಂಗಳು ಕಾದು, ಇದ್ದ ಸ್ಥಿತಿಯಲ್ಲೇ ವಾಸಕ್ಕೆ ಕೊಳ್ಳುವವರಿಗೆ ಮಾರಿದರೆ ₹53 ಲಕ್ಷಕ್ಕಿಂತ ಹೆಚ್ಚು ಬರಬಹುದು. ಇದನ್ನು ಮುಚ್ಚಿಡಬೇಡಿ, ಬರೆದೇಬಿಡಿ: "ನಮ್ಮ ಬೆಲೆ ಸಾಮಾನ್ಯವಾಗಿ ಮಾರುಕಟ್ಟೆ ಬೆಲೆಗಿಂತ ಕಡಿಮೆ. ರಿಪೇರಿ, ನೋಂದಣಿ, ಬಡ್ಡಿ ಮತ್ತು ನಮ್ಮ ಲಾಭ ಅದರಲ್ಲಿ ಕಳೆದಿರುತ್ತದೆ. ನಿಮಗೆ ಆತುರವಿಲ್ಲದಿದ್ದರೆ, ಮನೆ ವಾಸಕ್ಕೆ ಯೋಗ್ಯವಾಗಿದ್ದರೆ, ಮೊದಲು ಹೊರಗೆ ವಿಚಾರಿಸಿ ನೋಡಿ." ಈ ವಾಕ್ಯ ಓದಿ ಬಿಟ್ಟುಹೋಗುವವರು ನಿಮ್ಮ ಬೆಲೆ ಕೇಳಿದ ಮೇಲೂ ಬಿಟ್ಟೇ ಹೋಗುತ್ತಿದ್ದರು. ಉಳಿಯುವವರಿಗೆ ಬೇರೆ ತುರ್ತು ಇರುತ್ತದೆ: ಪಾಲು ಹಂಚಿಕೆ, ಬಾಡಿಗೆದಾರರ ಕಾಟ, ದೂರದ ಊರಲ್ಲಿ ವಾಸ.

ಬೆಲೆ ತಿಳಿಸುವ ಪತ್ರದಲ್ಲಿ ಮೇಲಿನ ಥರದ ಲೆಕ್ಕವನ್ನೇ ಒಂದು ಪುಟದಲ್ಲಿ ಹಾಕಿಕೊಡಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ, ಹಳೇ ಹುಲಿಗಳು ಯಾರೂ ತೋರಿಸೋದಿಲ್ಲ.

ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆಯನ್ನೂ ನೋಡಿಕೊಳ್ಳಿ. ನೀವು ಹೇಳುವ ಬೆಲೆ ಅದಕ್ಕಿಂತ ಕಡಿಮೆಯಾದರೆ ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆಯ ಮೇಲೇ ಬೀಳುತ್ತದೆ. ವ್ಯತ್ಯಾಸ 10% ಮೀರಿದರೆ ಮಾರಿದವರ ಬಂಡವಾಳ ಲಾಭವನ್ನೂ ಆ ಬೆಲೆಯಲ್ಲೇ ಲೆಕ್ಕ ಹಾಕುತ್ತಾರೆ. "ಮಾರುವವರಿಗೆ ಯಾವುದೇ ಖರ್ಚಿಲ್ಲ" ಅಂತ ಬರೆಯುವ ಯೋಚನೆ ಇದ್ದರೆ ಅದೂ ಅಲ್ಲೇ ಬಿದ್ದುಹೋಗುತ್ತದೆ. ₹50 ಲಕ್ಷ ಅಥವಾ ಹೆಚ್ಚಾದರೆ ನೀವು 1% ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿದುಕೊಳ್ಳಬೇಕು, ಅದನ್ನೂ ಮೊದಲೇ ಹೇಳಿ. ಮಾಲೀಕರು ಅನಿವಾಸಿಯಾದರೆ ಈ 1% ಅಲ್ಲ, ಬೇರೆಯೇ ನಿಯಮ, ದರವೂ ಬಹಳ ಹೆಚ್ಚು. ಮೈಸೂರಿನಲ್ಲಿ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಬೇಕಾದಷ್ಟಿವೆ, ಅವರಿಗಾಗಿ ಪ್ರತ್ಯೇಕ ಪುಟ ಇಡೋದು ಒಳ್ಳೆಯದು.

ಕಟ್ಲೆ_ಕಾಯ್ದೆ:

ಉಳಿದದ್ದನ್ನು ನಿಧಾನವಾಗಿ ತಿದ್ದಿ, ಆದರೆ "ನಮ್ಮೊಂದಿಗೆ ಹೂಡಿಕೆ ಮಾಡಿ, 24% ಲಾಭ" ಎಂಬ ಸಾಲನ್ನು ಇವತ್ತೇ ಅಳಿಸಿ. ಇದು ಭಾಷೆಯ ಪ್ರಶ್ನೆ ಅಲ್ಲವೇ ಅಲ್ಲ. ಸಾರ್ವಜನಿಕರಿಂದ ಹಣ ಪಡೆದು ಲಾಭ ಸಹಿತ ಮರಳಿಸುತ್ತೇನೆ ಅಂತ ಕರೆ ಕೊಟ್ಟರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಎದುರಾಗುತ್ತದೆ. ಹಣ ಪಡೆಯುವುದೂ ಬೇಡ, ಆಹ್ವಾನಿಸಿದರೇ ಅಪರಾಧ: 1ರಿಂದ 5 ವರ್ಷ ಜೈಲು, ₹2 ಲಕ್ಷದಿಂದ ₹10 ಲಕ್ಷ ದಂಡ. ಕರ್ನಾಟಕದ್ದೇ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಬೇರೆ ಇದೆ. ಹಲವರ ಹಣ ಒಟ್ಟುಗೂಡಿಸಿ ನೀವು ನಿರ್ವಹಿಸಿದರೆ ಷೇರುಪೇಟೆ ನಿಯಂತ್ರಕ ಸೆಬಿಯ ಸಾಮೂಹಿಕ ಹೂಡಿಕೆ ನಿಯಮಗಳೂ ಎದ್ದುಬರುತ್ತವೆ. "ಷರತ್ತುಗಳು ಅನ್ವಯ" ಅಂತ ಕೆಳಗೆ ಸಣ್ಣಕ್ಷರದಲ್ಲಿ ಹಾಕಿದರೆ ಇದ್ಯಾವುದೂ ಹೋಗಲ್ಲ.

ಚಿಕ್ಕಪ್ಪನ ಮಕ್ಕಳ ಹಣದ ಬಗ್ಗೆಯೂ ಒಂದು ಮಾತು. ಆ ಕಾಯ್ದೆಯಲ್ಲಿ ಸಂಬಂಧಿಕರಿಂದ ಪಡೆದ ಸಾಲಕ್ಕೆ ವಿನಾಯಿತಿ ಇದೆ. ಆದರೆ ಸಂಬಂಧಿಕರು ಅಂದರೆ ಯಾರು ಅನ್ನೋದು 2013ರ ಕಂಪನಿ ಕಾಯ್ದೆಯ ಪಟ್ಟಿ ಪ್ರಕಾರ. ಅದರಲ್ಲಿ ಒಡಹುಟ್ಟಿದವರು ಇದ್ದಾರೆ, ದಾಯಾದಿಗಳು ಇಲ್ಲ. ನಮ್ಮ ಕಡೆ ಚಿಕ್ಕಪ್ಪನ ಮಗನೂ ತಮ್ಮನೇ, ಕಾಯ್ದೆಗೆ ಅಲ್ಲ. ಪಾಲುದಾರರು ಹಾಕುವ ಬಂಡವಾಳ ಠೇವಣಿ ಅಲ್ಲ. ಹಾಗಾಗಿ ಮೂವರೂ ಸೇರಿ ಎಲ್‌ಎಲ್‌ಪಿಯನ್ನೋ ಪಾಲುದಾರಿಕೆ ಸಂಸ್ಥೆಯನ್ನೋ ಮಾಡಿಕೊಳ್ಳೋದು ಶುದ್ಧವಾದ ದಾರಿ. ಕರಾರು ಬರೆಯುವ ಮೊದಲು ಸಿಎ ಹತ್ತಿರ ಕೂತು ಮಾತಾಡಿ.

"ಸರ್ಕಾರದಿಂದ ಮಾನ್ಯತೆ" ಅಂದರೆ ಏನು? ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಯನ್ನು ಹೀಗೆ ಬರೆಯುವ ಚಾಳಿ ಇದೆ. ಅದು ಆಧಾರ್, ಪಾನ್ ಕೊಟ್ಟು ನೀವೇ ಮಾಡಿಕೊಂಡ ಸ್ವಯಂಘೋಷಣೆ, ಯಾವ ಅಧಿಕಾರಿಯೂ ನಿಮ್ಮ ಪ್ರಾಮಾಣಿಕತೆ ಪರೀಕ್ಷಿಸಿಲ್ಲ. "ಉದ್ಯಮ್ ನೋಂದಣಿ ಸಂಖ್ಯೆ ಇಂಥದ್ದು" ಅಂತಷ್ಟೇ ಹಾಕಿ. "ರೇರಾ ಅನುಮೋದಿತ" ಅಂತಲೂ ಬೇಡ. ರೇರಾ ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. 500 ಚದರ ಮೀಟರ್ ಮೀರದ ಜಾಗಕ್ಕೆ ಯೋಜನೆಯ ನೋಂದಣಿ ಬೇಕಿಲ್ಲ, 30×40 ಸೈಟು ಬರೀ 111 ಚದರ ಮೀಟರ್. ಆದರೆ ರೇರಾ ನೋಂದಣಿಯಾದ ಬಡಾವಣೆಯ ಸೈಟನ್ನೋ ಫ್ಲಾಟನ್ನೋ ಕಮಿಷನ್‌ಗೆ ಮಾರಿಕೊಡಲು ಹೋದರೆ ನೀವು ಏಜೆಂಟ್. ಏಜೆಂಟ್ ನೋಂದಣಿ ಇಲ್ಲದೆ ಮಾಡಿದರೆ ದಿನಕ್ಕೆ ₹10,000, ಆಸ್ತಿ ಬೆಲೆಯ 5%ವರೆಗೆ ದಂಡ.

ಅಗ್ರಿಮೆಂಟ್ ದಾಟಿಸುವುದಾದರೆ "ಖರೀದಿಸುತ್ತೇವೆ" ಎಂಬ ಕ್ರಿಯಾಪದವೇ ಸುಳ್ಳು. ನೀವು ಕೊಳ್ಳುತ್ತಿಲ್ಲ, ಕೊಳ್ಳುವ ಹಕ್ಕನ್ನು ಹಿಡಿದುಕೊಂಡು ಇನ್ನೊಬ್ಬರಿಗೆ ಕೊಡುತ್ತೀರಿ. ಇಲ್ಲಿ ತಕರಾರು ಏಳೋದು ಹೀಗೆ: ಮಾಲೀಕರಿಗೆ ₹53 ಲಕ್ಷ ಅಂತ ಕರಾರು, ನೋಂದಣಿಯ ದಿನ ಗೊತ್ತಿಲ್ಲದ ಮೂರನೇ ವ್ಯಕ್ತಿ ಬಂದು ನಿಂತು, ಪತ್ರದಲ್ಲಿ ₹58 ಲಕ್ಷ ಅಂತ ಕಂಡರೆ ಅವರು ಸಹಿ ಹಾಕದೆ ಎದ್ದುಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ತಿಳಿವಳಿಕೆ ಕೊಟ್ಟು ಪಡೆದ ಒಪ್ಪಿಗೆಯನ್ನು ರದ್ದುಪಡಿಸಿಕೊಳ್ಳುವ ಹಕ್ಕು 1872ರ ಕರಾರು ಕಾಯ್ದೆಯಲ್ಲೇ ಇದೆ, ನಿಮ್ಮ ವೆಬ್‌ಸೈಟಿನ ಪುಟವನ್ನು ಅವರು ಸಾಕ್ಷಿಯಾಗಿ ತೋರಿಸಬಹುದು.

ಬರೆಯೋದಾದರೆ ಹೀಗೆ: "ಕೆಲವು ಮನೆಗಳನ್ನು ನಾವೇ ಕೊಳ್ಳುತ್ತೇವೆ. ಕೆಲವನ್ನು ಕ್ರಯದ ಕರಾರು ಮಾಡಿಕೊಂಡು, ನಿಮ್ಮ ಲಿಖಿತ ಒಪ್ಪಿಗೆ ಪಡೆದು, ಬೇರೆ ಖರೀದಿದಾರರ ಹೆಸರಿಗೆ ನೋಂದಣಿ ಮಾಡಿಸುತ್ತೇವೆ. ಆಗ ನಿಮಗೆ ಸಿಗುವುದು ಕರಾರಿನ ಬೆಲೆ, ಅದರ ಮೇಲಿನದ್ದು ನಮ್ಮ ಲಾಭ. ನಿಮ್ಮ ಮನೆ ಯಾವ ಬಗೆಯದು ಎಂದು ಮುಂಗಡ ಕೊಡುವ ಮೊದಲೇ ಹೇಳುತ್ತೇವೆ." ಕರಾರಿನಲ್ಲಿ ಅವಧಿ, ಮುಂಗಡ ಎಷ್ಟು, ನೀವು ತಪ್ಪಿದರೆ ಮುಂಗಡ ಏನಾಗುತ್ತದೆ ಎಲ್ಲ ಇರಲಿ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬರೆಸಿಕೊಂಡು ಮಾರುವ ಹಳೇ ಚಾಳಿಗೆ ಕೈ ಹಾಕಬೇಡಿ. ಜಿಪಿಎ ಮೂಲಕ ಮಾಲೀಕತ್ವ ವರ್ಗವಾಗುವುದಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಮೈಸೂರು_ಮನೆ:

ಎಲ್ಲರಿಗೂ ಧನ್ಯವಾದ. 24% ಸಾಲು ತೆಗೆಸಿದೆ. ಆದರೆ "ನಮ್ಮ ಬಗ್ಗೆ" ಪುಟ ಈಗ ಖಾಲಿ. ಅನುಭವ ಇಲ್ಲ, ಗ್ರಾಹಕರಿಲ್ಲ, ಆಫೀಸಿಲ್ಲ. ಅಲ್ಲಿ ಬರೆಯೋದೇನು? ರಿಪೇರಿಯಾದ ಮನೆ ಮಾರುವಾಗ "ಹೊಸ ಮನೆಯಂತೆ" ಅನ್ನಬಹುದಾ?

ಕರಡು_ತಿದ್ದು:

ಖಾಲಿ ಪುಟ ತುಂಬಲು ಅನುಭವ ಬೇಕಿಲ್ಲ, ನಿಮ್ಮ ಕೆಲಸದ ಕ್ರಮ ಸಾಕು. ಮನೆ ಮಾರುವವರು ಅಲ್ಲಿ ಹುಡುಕೋದು ಇಷ್ಟನ್ನೇ: ಈ ಮನುಷ್ಯ ಯಾರು, ಎಲ್ಲಿ ಸಿಗುತ್ತಾನೆ, ದುಡ್ಡು ಎಲ್ಲಿಂದ ತರುತ್ತಾನೆ, ಮಧ್ಯೆ ಕೈಕೊಟ್ಟರೆ ಏನು ಗತಿ. ನಿಮ್ಮ ಪೂರ್ತಿ ಹೆಸರು, ನಿಮ್ಮದೇ ಫೋಟೋ, ಪತ್ರ ಬರೆಯಬಹುದಾದ ವಿಳಾಸ ಹಾಕಿ. ಮನೆಯಿಂದಲೇ ಕೆಲಸ ಮಾಡುತ್ತಿದ್ದರೆ ಹಾಗೇ ಹೇಳಿ. ಒಬ್ಬರೇ ಇದ್ದರೆ "ನಮ್ಮ ತಂಡ" ಬೇಡ. ಕೊಂಡುತಂದ ಫೋಟೋದಲ್ಲಿ ಕೋಟು ಹಾಕಿ ಕೈಕುಲುಕುವ ಬಿಳಿಯರು ಮೈಸೂರಿನ ಸೈಟಿಗೆ ಒಪ್ಪುವುದೂ ಇಲ್ಲ.

ಹೊಸಬ ಎಂಬುದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿ, ಅದಕ್ಕೆ ಕ್ಷಮೆ ಕೇಳುತ್ತ ಕೂರಬೇಡಿ. ಒಂದು ನಮೂನೆ:

"ನಾವು ಈ ಕೆಲಸವನ್ನು ಈಗಷ್ಟೇ ಆರಂಭಿಸಿದ್ದೇವೆ. ತೋರಿಸಲು ಹಳೆಯ ವ್ಯವಹಾರಗಳ ಪಟ್ಟಿ ಇಲ್ಲ. ತೋರಿಸಬಲ್ಲದ್ದು ಇಷ್ಟು: ಮುಂಗಡಕ್ಕೆ ಮೊದಲು ಹಣ ಇರುವುದರ ಬಗ್ಗೆ ಬ್ಯಾಂಕಿನ ಪತ್ರ, ಕರಾರಿನ ಕರಡು, ನಮ್ಮ ವಕೀಲರ ಹೆಸರು. ಕರಡನ್ನು ನಿಮ್ಮ ವಕೀಲರಿಗೆ ತೋರಿಸಿ, ಅದಕ್ಕೆ 7 ದಿನ ಬಿಡುವು. ಪತ್ರಗಳ ಪರಿಶೀಲನೆಯ ಖರ್ಚು ನಮ್ಮದು, ವ್ಯವಹಾರ ಕುದುರದಿದ್ದರೂ ನಿಮ್ಮಿಂದ ಕೇಳುವುದಿಲ್ಲ."

ಇದರಲ್ಲಿ ನಿಮ್ಮಿಂದ ಆಗದ್ದು ಇದ್ದರೆ ಆ ಸಾಲು ತೆಗೆಯಿರಿ. ವಕೀಲರ ಹೆಸರು ಹಾಕಲು ಅವರ ಒಪ್ಪಿಗೆ ಪಡೆಯಿರಿ. ಅದೂ ಹೆಸರು ಮಾತ್ರ, ಅವರನ್ನು ಹೊಗಳುವಂಥದ್ದು ಬೇಡ, ವಕೀಲರ ಜಾಹೀರಾತಿಗೆ ನಿರ್ಬಂಧವಿದೆ.

ವಿಮರ್ಶೆಗಳ ಜಾಗ ಸದ್ಯಕ್ಕೆ ಇರಲೇಬಾರದು. ನೆಂಟರಿಂದ ಐದು ನಕ್ಷತ್ರ ಹಾಕಿಸಿದರೂ ಅದು ಸುಳ್ಳು ವಿಮರ್ಶೆಯೇ. ಮೊದಲ ವ್ಯವಹಾರ ಮುಗಿದ ಮೇಲೆ ಮಾರಿದವರ ಒಪ್ಪಿಗೆ ಪಡೆದು ಯಾವ ಬಡಾವಣೆ, ಎಷ್ಟು ಅಳತೆ, ಕರಾರಿನಿಂದ ನೋಂದಣಿಗೆ ಎಷ್ಟು ದಿನ, ತಡವಾದದ್ದು ಯಾಕೆ ಅಂತ ಬರೆಯಿರಿ. ಅಂಥ ಒಂದು ವಿವರ ಹತ್ತು "ಬಹಳ ಒಳ್ಳೆಯ ಸೇವೆ"ಗೆ ಸಮ.

ಇನ್ನೊಂದು: ಕನ್ನಡ ಪುಟದಲ್ಲಿ "ಬೆಲೆ ಖಚಿತ" ಅಂತ ದಪ್ಪಕ್ಷರ, ಷರತ್ತು ಮಾತ್ರ ಇಂಗ್ಲಿಷಿನಲ್ಲಿ ಇರುವೆಯಷ್ಟು ಚಿಕ್ಕದಾಗಿ, ಇದು ನಡೆಯೋದಿಲ್ಲ. ಹೇಳಿಕೆ ಯಾವ ಭಾಷೆಯಲ್ಲೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರದಲ್ಲಿ ಇರಬೇಕು ಅಂತ 2022ರ ದಾರಿತಪ್ಪಿಸುವ ಜಾಹೀರಾತು ಮಾರ್ಗಸೂಚಿ ಹೇಳುತ್ತದೆ. ದಾರಿತಪ್ಪಿಸಿದ್ದಕ್ಕೆ ಗ್ರಾಹಕ ರಕ್ಷಣಾ ಕಾಯ್ದೆಯಡಿ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡಕ್ಕೆ ಅವಕಾಶ ಇದೆ.

ಫೋನ್ ನಂಬರ್ ಕೇಳುವ ಫಾರಂ ಕೆಳಗೆ: "ಈ ನಂಬರನ್ನು ನಿಮ್ಮ ಮನೆಯ ಬಗ್ಗೆ ಕರೆ ಮಾಡಲು ಮಾತ್ರ ಬಳಸುತ್ತೇವೆ. ಬ್ರೋಕರ್‌ಗಳಿಗೆ ಕೊಡುವುದಿಲ್ಲ. ಬೇಡವೆಂದರೆ ಅಳಿಸುತ್ತೇವೆ." ಬರೆದ ಮೇಲೆ ನಿಜವಾಗಿಯೂ ಕೊಡಬೇಡಿ.

ಗಾರೆ_ಕೆಲಸ:

"ಹೊಸ ಮನೆಯಂತೆ" ಬೇಡ. ಏನು ಬದಲಾಯಿಸಿದಿರಿ, ಏನು ಬದಲಾಯಿಸಿಲ್ಲ ಎರಡನ್ನೂ ಬರೆಯಿರಿ. ಎರಡನೆಯದನ್ನೇ ಎಲ್ಲರೂ ಬಿಡೋದು.

ನಮೂನೆ: "ಮನೆ ಕಟ್ಟಿದ್ದು 1988. ವೈರಿಂಗ್ ಪೂರ್ತಿ ಹೊಸದು, ಅರ್ಥಿಂಗ್ ಹೊಸದಾಗಿ ಹಾಕಿದೆ. ಜಿಐ ಪೈಪ್ ತೆಗೆದು ಸಿಪಿವಿಸಿ ಹಾಕಿದೆ. ಬಚ್ಚಲುಮನೆ ಎರಡಕ್ಕೂ ನೆಲ ಒಡೆದು ವಾಟರ್‌ಪ್ರೂಫಿಂಗ್ ಆಗಿದೆ. ಮಾಳಿಗೆಯ ಆರ್‌ಸಿಸಿ ಹಳೆಯದೇ, ಅಡುಗೆಮನೆಯ ಮೇಲ್ಭಾಗದಲ್ಲಿ ಕಂಬಿ ತುಕ್ಕು ಹಿಡಿದ ಕಡೆ ಪ್ಲಾಸ್ಟರ್ ಕಿತ್ತು ಸರಿಪಡಿಸಿದೆ. ಹೊರಗಿನ ಯುಜಿಡಿ (ಒಳಚರಂಡಿ) ಪೈಪ್ ಬದಲಾಯಿಸಿಲ್ಲ. ಮೊದಲ ಮಹಡಿಯ ಹಿಂಬದಿಯ ಕೋಣೆ ಮಂಜೂರಾದ ನಕ್ಷೆಯಲ್ಲಿ ಇಲ್ಲ."

ಹುಷಾರಾಗಿರಬೇಕಾದ್ದು ತೇವದ ಗೋಡೆ ಬಗ್ಗೆ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಮೇಲೆ ಪುಟ್ಟಿ ಎಳೆದು ಬಣ್ಣ ಹೊಡೆದರೆ ಬೇಸಿಗೆಯಲ್ಲಿ ಚೆನ್ನಾಗೇ ಕಾಣುತ್ತದೆ. ಮಳೆ ಹಿಡಿದ ಮೇಲೆ ಮೊದಲು ಬಣ್ಣ ಉಬ್ಬುತ್ತದೆ, ಆಮೇಲೆ ಬಿಳಿ ಉಪ್ಪು ಒಡೆದು ಪುಡಿಪುಡಿಯಾಗಿ ಉದುರುತ್ತದೆ. ನೀವು ಫೆಬ್ರವರಿಯಲ್ಲಿ ಮಾರಿರುತ್ತೀರಿ, ಕೊಂಡವರು ಜುಲೈನಲ್ಲಿ ವಾಪಸ್ ಬರುತ್ತಾರೆ. ಸಾಮಾನ್ಯ ಎಚ್ಚರದಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ಆದರೆ ಮಾರುವವರಿಗೆ ಗೊತ್ತಿರುವ ದೊಡ್ಡ ದೋಷವನ್ನು ತಿಳಿಸಲೇಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಇದೆ. ಅದಕ್ಕೇ ಕೆಲಸ ಶುರುವಾಗುವ ಮೊದಲಿನ, ಒಡೆದಾಗಿನ, ಮುಗಿದಾಗಿನ ಫೋಟೋಗಳನ್ನು ತಾರೀಖಿನ ಸಮೇತ ಇಟ್ಟು ಆ ಮನೆಯ ಪುಟದಲ್ಲಿ ಹಾಕಿ. ಒಡೆದ ಗೋಡೆಯ ಫೋಟೋ ಹಾಕಿದರೆ ಜನ ಹೆದರುತ್ತಾರೆ ಅಂದುಕೊಳ್ಳಬೇಡಿ, ಒಳಗಿನ ಕೆಲಸ ನಿಜವಾಗಿ ಆಗಿದೆ ಅನ್ನಲು ಅದೊಂದೇ ಪುರಾವೆ.

ಪತ್ರ_ಪರಿಶೀಲನೆ:

ಕರಡು_ತಿದ್ದು ಅವರ ನಮೂನೆಗೆ ಒಂದು ತಿದ್ದುಪಡಿ. "ಹಣ ಇರುವುದರ ಬಗ್ಗೆ ಬ್ಯಾಂಕಿನ ಪತ್ರ" ಅಂದರೆ ಪೂರ್ತಿ ಬೆಲೆಯ ಹಣವೋ, ಮುಂಗಡದಷ್ಟೋ? ಪಾಲುದಾರರ ಹಣ ಇನ್ನೂ ಖಾತೆಗೆ ಬಂದಿಲ್ಲದಿದ್ದರೆ "ಮುಂಗಡದ ಮೊತ್ತಕ್ಕೆ" ಅಂತ ಸೇರಿಸಿ. ಇಲ್ಲದಿದ್ದರೆ ₹10 ಲಕ್ಷದ ಬ್ಯಾಲೆನ್ಸ್ ತೋರಿಸಿ ₹53 ಲಕ್ಷದ ಭರವಸೆ ಕೊಟ್ಟಂತೆ ಆಗುತ್ತದೆ.

ಪುಟ ಸರಿಹೋದ ಮೇಲೆ ಪಾಂಪ್ಲೆಟ್, ವಾಟ್ಸಾಪ್ ಮೆಸೇಜು, ಆಟೋ ಹಿಂದಿನ ಪೋಸ್ಟರ್ ಎಲ್ಲವನ್ನೂ ಅದಕ್ಕೆ ಹೊಂದಿಸಿ. ವೆಬ್‌ಸೈಟಿನಲ್ಲಿ "ಪತ್ರ ಸರಿಯಾದ ಮೇಲೆ 30 ದಿನ" ಅಂತಿದ್ದು, ಪ್ರಿಂಟ್ ಹಾಕುವವರು ಹಳೇ ಡಿಸೈನಿನಲ್ಲೇ "7 ದಿನದಲ್ಲಿ ಕ್ಯಾಷ್" ಅಂತ ಸಾವಿರ ಪ್ರತಿ ಹೊಡೆದುಕೊಟ್ಟರೆ ಜನ ಕೈಯಲ್ಲಿ ಹಿಡಿದು ಬರೋದು ಅದನ್ನೇ. ಪ್ರೂಫ್ ನೋಡದೆ ಪ್ರಿಂಟಿಗೆ ಬಿಡಬೇಡಿ.